ಅರ್ಧ ಇಂಚಿನ ಅನುಮಾನ

ಹೋದ ತಿಂಗಳು ಆಪಾ ತಮ್ಮ ಹೊಲಿಗೆ ಯಂತ್ರವನ್ನು ಹುಲಸೂರಿನಿಂದ ಕೆಲಸ ಕಲಿಯಲು ಬರುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಕೊಟ್ಟುಬಿಟ್ಟರು. ಮರುದಿನ ಬಸವಕಲ್ಯಾಣದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಇನ್ನು ಬ್ಲೌಸು ಯಾರ ಕಡೆ ಹೊಲಿಸುವುದು ಎಂಬ ಚಿಂತೆ ಕೆಲವರಿಗೆ. ಪಾಪ, ಕಣ್ಣು ಹೋದವೇನೋ ಎಂಬ ಮರುಕ ಕೆಲವರಿಗೆ. ನಾನು ಏನೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಎದೆಯ ಮೇಲಿನ ಭಾರ ಇಳಿದಂತಾಗಿತ್ತು. ಅಲ್ಲಿ ಹಾಗೆಂದು ಹೇಳಿದ್ದರೆ ಇವಳೆಂಥ ಕಲ್ಲೆದೆಯವಳು ಎಂದುಕೊಳ್ಳುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ. ಹೆಸರು ಹೇಳಿದರೂ ಅವರ ಓಣಿಯಲ್ಲೇ ಎಷ್ಟೋ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಅವರಿಗಿಂತ ಹಿರಿಯರೇ ಇರಲಿ, ಎಲ್ಲರೂ ಕರೆಯುವುದು ಆಪಾ ಎಂದೇ. ಅಕ್ಕ ಎಂದರ್ಥ.

ನಾನು ಗಣಿತದ ಶಿಕ್ಷಕಿ. ಮನೆ ಹುಮನಾಬಾದಿನಲ್ಲಿ, ಅಲ್ಲಿ ನನ್ನ ಗಂಡನ ಮೋಟರ್ ರಿಪೇರಿ ಅಂಗಡಿ ಇದೆ. ಶಾಲೆ ಬಸವಕಲ್ಯಾಣದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸು ಹಿಡಿದು ಬರುವ ಬದುಕು. ಕಲ್ಯಾಣಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ಯಾರೋ ಹೇಳಿದರೆಂದು ಬ್ಲೌಸಿನ ಬಟ್ಟೆ ಹಿಡಿದು ಕೋಟೆಯ ಹತ್ತಿರದ ಆ ಓಣಿಗೆ ಹೋದೆ. ಹಸಿರು ಪರದೆ ಸರಿಸಿ ಒಳಗೆ ಕಾಲಿಟ್ಟರೆ ಆಪಾರ ತಮ್ಮನ ಮನೆಯ ಮುಂದಿನ ಕೋಣೆ, ಅದೇ ಅವರ ಅಂಗಡಿ. ಕೊರಳಲ್ಲಿ ಟೇಪು, ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು. ಪಿನ್ನು ಬೀಳದಂತೆ ಮಾತಾಡುವ ವಿದ್ಯೆ ಅವರಿಗೆ ಕೈವಶವಾಗಿತ್ತು. ಅಳತೆಗೆ ನಿಂತೆ. ಟೇಪು ಸೊಂಟ ಸುತ್ತುತ್ತಿದ್ದಂತೆ ನನಗೆ ಅರಿವಿಲ್ಲದೆ ಹೊಟ್ಟೆ ಒಳಗೆಳೆದುಕೊಂಡೆನಂತೆ. ಆಪಾ ಟೇಪು ಸಡಿಲ ಬಿಟ್ಟು ಸುಮ್ಮನೆ ನಿಂತರು.

"ಉಸಿರು ಬಿಡ್ರಿ ಮೇಡಂ. ದಿನಪೂರಾ ಹಿಂಗ ಉಸಿರು ಹಿಡಕೊಂಡು ಪಾಠ ಮಾಡ್ತೀರೇನು?"

ಹೊಟ್ಟೆ ಹೊರಗೆ ಬಂತು. ಇಬ್ಬರೂ ನಕ್ಕೆವು. ಅಂದಿನಿಂದ ಸಂಜೆಯ ಬಸ್ಸಿಗೆ ಸಮಯವಿದ್ದಾಗಲೆಲ್ಲ ಆ ಕೋಣೆಗೆ ಹೋಗಿ ಕೂರುವುದು ನನಗೆ ರೂಢಿಯಾಯಿತು.

ಅಳತೆ ಬರೆದಿಡಲು ಅವರ ಹತ್ತಿರ ಉದ್ದನೆಯ ಪುಸ್ತಕಗಳಿದ್ದವು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿದ್ದು. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೊಸ ಅಳತೆಯನ್ನು ಹಳೆಯದರ ಕೆಳಗೇ ಬರೆಯುತ್ತಿದ್ದರು, ಯಾವುದನ್ನೂ ಹೊಡೆದು ಹಾಕುತ್ತಿರಲಿಲ್ಲ. ಅಂಕಿಗಳೆಲ್ಲ ಉರ್ದುವಿನವು. ಲೆಕ್ಕ ಕಲಿಸುವವಳಾದ ನನಗೆ ಓದಲು ಬಾರದ ಅಂಕಿಗಳೆಂದರೆ ಅವಮಾನವಲ್ಲವೇ! ಅವರ ಬಳಿಯೇ ಕಲಿತೆ. ಕಲಿತ ಮೇಲೆ ಗೊತ್ತಾಯಿತು, ಕೆಲವು ಅಂಕಿಗಳ ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಚುಕ್ಕೆ ಇರುತ್ತದೆ.

"ಇದೇನು ಆಪಾ?" ಎಂದು ಕೇಳಿದ್ದೆ.

"ಖಟಕ್ ಅಂದದ್ದು."

ಖಟಕ್ ಎಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುವ ಮಾತು. ಮನಸ್ಸಿಗೆ ಏನೋ ತಾಕಿತು, ಅಷ್ಟೇ. ಏನೆಂದು ಇನ್ನೂ ಗೊತ್ತಿಲ್ಲ. ಒಬ್ಬರ ಕೊರಳಿನ ಅಳತೆ ಕಾಲು ಇಂಚು ಹೆಚ್ಚಾಗಿದೆ, ಇನ್ನೊಬ್ಬರ ತೋಳು ಸಣ್ಣದಾಗಿದೆ, ಮತ್ತೊಬ್ಬರು ಕೈ ಎತ್ತಿ ನಿಲ್ಲಿ ಎಂದರೆ ಒಂದು ಕೈ ತಡವಾಗಿ ಏಳುತ್ತದೆ. ಆಪಾ ಅಲ್ಲೊಂದು ಚುಕ್ಕೆ ಇಟ್ಟು ಏನೂ ಆಗದವರಂತೆ ಮಾತು ಮುಂದುವರಿಸುತ್ತಿದ್ದರು. ಮುಂದಿನ ಸಲ ಆ ವ್ಯಕ್ತಿ ಬಂದಾಗ ಅಲ್ಲಿಯೇ ಮತ್ತೆ ಅಳೆಯುವರು. ಹಲವು ಸಲ ಮೊದಲಿನಂತೆಯೇ ಇರುತ್ತಿತ್ತು. ಆಗ ಚುಕ್ಕೆಯನ್ನು ರಬ್ಬರಿನಿಂದ ಒರೆಸಿ ಅವರು ಸಣ್ಣಗೆ ಸೀಟಿ ಹೊಡೆಯುವುದನ್ನು ನಾನು ಕೇಳಿದ್ದೇನೆ. ಅವರ ವಯಸ್ಸಿನ ಹೆಂಗಸರು ಸೀಟಿ ಹೊಡೆಯುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇದ್ದದ್ದು ಇದ್ದಂತೆಯೇ ಹೇಳಬೇಕು. ಅವರ ಅಂದಾಜು ಯಾವಾಗಲೂ ನಿಜವಾಗುತ್ತಿರಲಿಲ್ಲ. ನಮ್ಮ ಶಾಲೆಯ ಹಿಂದಿ ಟೀಚರ ಬಲಗೈ ತೋಳು ಎಡಗೈಗಿಂತ ದಪ್ಪವಾಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದುಬಿಟ್ಟರು. ಆಕೆ ಮೊದಲೇ ಅಂಜುಬುರುಕಿ. ಗಂಡನನ್ನು ರಜೆ ಹಾಕಿಸಿ ಕಲಬುರಗಿಗೆ ಹೋಗಿ ಮೂರು ದಿನ ತಪಾಸಣೆ ಮಾಡಿಸಿಕೊಂಡರು. ಏನೂ ಇರಲಿಲ್ಲ. ಎರಡು ವರ್ಷದ ಮಗುವನ್ನು ಸದಾ ಬಲಗಡೆಯೇ ಎತ್ತಿಕೊಂಡು ಓಡಾಡಿದ್ದಕ್ಕೆ ಆ ಕೈ ಬಲಿತಿತ್ತು, ಅಷ್ಟೇ. ಆಕೆಗೆ ಎಂಥ ಸಿಟ್ಟು ಬಂತೆಂದರೆ, "ಟೇಲರ್ ಇದ್ದವರು ಬಟ್ಟಿ ಹೊಲೀಬೇಕ್ರಿ. ಡಾಕ್ಟರಕಿ ಯಾಕ ಬೇಕು?" ಎಂದು ಸ್ಟಾಫ್ ರೂಮು ಹಾರಿಹೋಗುವಂತೆ ಕೂಗಾಡಿದರು. ಆಮೇಲೆ ಆಪಾಗೆ 'ಇಂಚಿನ ಡಾಕ್ಟರ್' ಎಂಬ ಹೆಸರೂ ಬಿತ್ತು. ಆ ಹೆಸರಿಗೆ ನಾನೂ ನಕ್ಕಿದ್ದೆ.

ವಿಷಯ ತಿಳಿದ ಆಪಾ ಶ್ಯಾವಿಗೆ ಖೀರು ಮಾಡಿ, ಡಬ್ಬಿ ಹಿಡಿದು ಹಿಂದಿ ಟೀಚರ ಮನೆಗೆ ನಡೆದು ಹೋದರು. "ನಿಮಗೇನೂ ಇಲ್ಲಂತ ಕೇಳಿ ಭಾಳ ಖುಷಿ ಆತ್ರಿ. ನಾ ತಪ್ಪಿದೆ. ತಪ್ಪಿದ್ದೇ ಛಲೋ ಆತು," ಎಂದರಂತೆ. ಟೀಚರು ಖೀರು ಇಸಿದುಕೊಂಡರು, ಆದರೆ ಎರಡು ವರ್ಷ ಆ ಅಂಗಡಿಯ ಕಡೆ ಸುಳಿಯಲಿಲ್ಲ.

"ಇಷ್ಟೆಲ್ಲ ಬೈಸ್ಕೊಂಡು ಯಾಕ ಹೇಳಾಕ ಹೋಗ್ತೀರಿ ಆಪಾ?" ಎಂದು ನಾನು ಕೇಳಿದೆ.

ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. "ಹೇಳದಿದ್ರ ಕೈಗಿ ಹೊಲಿಗಿ ಸಾಗಂಗಿಲ್ರಿ," ಎಂದರು.

ಈ ಪ್ರಸಂಗ ನಡೆದ ಮರುವರ್ಷ ಅವರ ಖಟಕ್ ನನ್ನ ಮನೆಯ ಬಾಗಿಲಿಗೇ ಬಂತು.

ನನ್ನ ಮಗಳು ಪಲ್ಲವಿ ಆಗ ಆರನೆಯ ಕ್ಲಾಸಿಗೆ ಹೊರಟಿದ್ದಳು. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಸಮವಸ್ತ್ರದ ಫ್ರಾಕು ಹೊಲಿಸಲು ಅವಳನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋಗಿದ್ದೆ. ಹೊಲಿದ ಫ್ರಾಕು ತೊಡಿಸಿ ನಿಲ್ಲಿಸಿದರೆ ಕೆಳಗಿನ ಅಂಚು ಬಲಗಡೆ ಸ್ವಲ್ಪ ಮೇಲಿತ್ತು. ಆಪಾ ತಮ್ಮ ಕೈಯನ್ನೇ ಬೈದುಕೊಂಡು ಅಂಚು ಬಿಚ್ಚಿದರು. ಫ್ರಾಕನ್ನು ಮೇಜಿನ ಮೇಲೆ ಹಾಸಿ ಅಳೆದರು. ಎರಡೂ ಕಡೆ ಸಮ. ಮತ್ತೆ ತೊಡಿಸಿದರು, ಮತ್ತೆ ಬಲಗಡೆ ಮೇಲೆ. ಆಗ ಬಟ್ಟೆ ಬಿಟ್ಟು ಹುಡುಗಿಯನ್ನು ಅಳೆದರು. ನೆಲದಿಂದ ಎಡ ಭುಜಕ್ಕೆ, ನೆಲದಿಂದ ಬಲ ಭುಜಕ್ಕೆ. ಅರ್ಧ ಇಂಚು ವ್ಯತ್ಯಾಸ.

ಪಲ್ಲವಿಯನ್ನು ಒಳಗೆ ನೀರು ಕುಡಿಯಲು ಕಳಿಸಿ ನನ್ನ ಕಡೆ ತಿರುಗಿದರು. "ಮೇಡಂ, ಜರಾ ಖಟಕ್ ಅನ್ನಾಕತ್ತದ."

"ಬ್ಯಾಗಿನ ಭಾರ ಆಪಾ," ಎಂದೆ. "ಎಷ್ಟು ಹೇಳಿದ್ರೂ ಒಂದೇ ಭುಜಕ್ಕೆ ಹಾಕ್ಕೊಳ್ತಾಳೆ."

"ಇರಬಹುದ್ರಿ. ಎರಡೂ ಭುಜಕ್ಕ ಹಾಕ್ಕೊಳ್ಳಾಕ ಹೇಳ್ರಿ. ದಸರಾ ಸೂಟಿಯಾಗ ಒಮ್ಮೆ ಕರ್ಕೊಂಡ ಬರ್ರಿ. ಸುಮ್ನ ಅಳದು ನೋಡ್ತೀನಿ."

ದಸರೆಗೆ ನಾನು ಒಬ್ಬಳೇ ಹೋದೆ. ಪಲ್ಲವಿಗೆ ನೆಗಡಿ ಎಂದೆ. ನೆಗಡಿ ಇರಲಿಲ್ಲ. ದೀಪಾವಳಿಗೆ ಬೇರೊಂದು ನೆವ ಹೇಳಿದೆ. ಆಪಾ ಪ್ರತಿ ಸಲ "ಹೌದ್ರಿ?" ಎಂದಷ್ಟೇ ಹೇಳಿ ಹೊಲಿಗೆಗೆ ತಲೆ ಬಗ್ಗಿಸುತ್ತಿದ್ದರು. ಆಮೇಲಾಮೇಲೆ ನಾನು ಆ ಓಣಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಹಿಂದಿ ಟೀಚರು ಪಟ್ಟ ಪಾಡು ನೋಡಿದ್ದೆನಲ್ಲ, ಅದನ್ನೇ ನೆನೆದು ನನಗೆ ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಆದರೆ ಯಾರಿಗೂ ಹೇಳದ ಒಂದು ಮಾತಿತ್ತು. ನನಗೂ ಕಂಡಿತ್ತು. ಆಪಾಗಿಂತ ಮೊದಲೇ ಕಂಡಿತ್ತು. ದಿನಾ ಬೆಳಿಗ್ಗೆ ಮಗಳ ಜಡೆ ಹೆಣೆಯುವವಳು ನಾನು. ಬೆನ್ನ ನಡುವೆ ಇಳಿಯಬೇಕಾದ ಜಡೆ ಒಂದು ಕಡೆಗೆ ಜಾರುತ್ತಿತ್ತು. ಎಣ್ಣೆ ಹಚ್ಚಿ ಎರೆಯುವಾಗ ಬಲ ಹೆಗಲ ಹಿಂದಿನ ರೆಕ್ಕೆ ಎಲುಬು ಕೈಗೆ ಹೆಚ್ಚು ಸಿಗುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಕೈಯೇ ದಾಟಿ ಮುಂದೆ ಹೋಗುತ್ತಿತ್ತು. ಉತ್ತರ ಬಂದ ಮೇಲೆ ಇನ್ನೊಮ್ಮೆ ತಾಳೆ ನೋಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವ ಬಾಯಿ ಇದು.

ಸಂಕ್ರಾಂತಿ ಮುಗಿದ ಮೊದಲ ರವಿವಾರ. ಮನೆಯ ಮುಂದೆ ಬೇಳೆ ಒಣಗಿಸುತ್ತಿದ್ದೆ. ಬುರ್ಖಾ ತೊಟ್ಟ ಒಬ್ಬ ಹೆಂಗಸು ನಮ್ಮ ಓಣಿಯಲ್ಲಿ ಯಾರದೋ ಮನೆ ಕೇಳಿಕೊಂಡು ಬರುತ್ತಿದ್ದರು. ಹತ್ತಿರ ಬಂದಾಗ ನೋಡಿದರೆ ಆಪಾ. ಮದುವೆಯ ಕೆಲಸ ಕೈತುಂಬ ಇದ್ದ ದಿನಗಳಲ್ಲಿ ಅಂಗಡಿ ಮುಚ್ಚಿ, ಬಸ್ಸು ಹತ್ತಿ ಬಂದಿದ್ದರು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಅಳತೆ ಪುಸ್ತಕ. ನನ್ನ ಮುಖ ಬಿಸಿಯಾಯಿತು. ಒಳಗೆ ಕರೆದೆ, ಬೇರೆ ದಾರಿ ಇರಲಿಲ್ಲ.

ಮನೆಯಲ್ಲಿ ಅತ್ತೆ, ನನ್ನ ಗಂಡ, ಪಲ್ಲವಿ ಎಲ್ಲರೂ ಇದ್ದರು. ಆಪಾ ಚಾಪೆಯ ಮೇಲೆ ಕೂತು, ನೀರು ಕುಡಿದು, ಬಂದ ಕಾರಣ ಹೇಳಿದರು. ಸುತ್ತಿ ಬಳಸಿ ಹೇಳುವುದು ಅವರಿಗೆ ಬಾರದು. ಹುಡುಗಿಯ ಬೆನ್ನು ಒಮ್ಮೆ ನೋಡಬೇಕು ಎಂದರು.

ಅತ್ತೆಯ ಹುಬ್ಬು ಗಂಟಾಯಿತು. "ಏನ್ ಮಾತಂತ ಆಡ್ತೀಯವ್ವಾ? ಹನ್ನೊಂದ ವರ್ಷದ ಹುಡುಗಿಗಿ ಐಬ್ ಹಚ್ಚಾಕ ಅಲ್ಲಿಂದ ಇಲ್ಲಿತನಕ ಬಂದೀಯೇನು? ನಾಳಿ ಇದು ನಾಲ್ಕ ಮಂದಿ ಬಾಯಾಗ ಬಿದ್ರ ಆಕಿ ಗತಿ ಏನು?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆಯನ್ನು ತಡೆಯಲಿಲ್ಲ. ಅವರು ಬೈದು ಕಳಿಸಿದರೆ ಈ ಮಾತು ಇಲ್ಲಿಗೆ ಮುಗಿಯುತ್ತದೆ ಎಂಬ ಕೆಟ್ಟ ಆಸೆಯೊಂದು ನನ್ನೊಳಗೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆಪಾ ಎದ್ದು ಹೋಗಲಿಲ್ಲ, ಎದುರು ಮಾತೂ ಆಡಲಿಲ್ಲ. ಲೋಟ ಕೆಳಗಿಟ್ಟು ಅತ್ತೆಯ ಕಡೆಯೇ ನೋಡುತ್ತಾ ಹೇಳಿದರು:

"ಅವ್ವಾರ, ನಮ್ಮ ಅಮ್ಮಿ ಕುರ್ತಾ ನಾನೇ ಹೊಲೀತಿದ್ದೆ. ಆಗ ನನಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಒಂದೇ ವರ್ಷದಾಗ ಮೂರು ಸಲ ಎರಡೂ ಬಾಜುದ ಹೊಲಿಗಿ ಒಳಗ ತಗೊಂಡೆ. ಮೊದಲನೇ ಸಲ ಮನಸಿಗಿ ಖಟಕ್ ಅಂತು. ಅಮ್ಮಿ ನಕ್ಕೋತ, ನಾ ತೆಳ್ಳಗ, ಪತಲಿ ಆಗಾಕತ್ತೇನಿ ನೋಡು ಅಂದ್ರು. ನಾನೂ ನಕ್ಕೆ. ಎರಡನೇ ಸಲನೂ ಸುಮ್ನಿದ್ದೆ, ರಂಜಾನದ ರೋಜಾ, ಉಪಾಸ ಹಿಡದಾರ, ಅದಕ್ಕ ಅಂತ ತಿಳಕೊಂಡೆ. ಮೂರನೇ ಸಲ ಎಲ್ಲಾರಿಗೂ ಕಣ್ಣಿಗಿ ಕಾಣ್ತಿತ್ತು. ಆಗ ದವಾಖಾನಿಗಿ ಹೋದ್ವಿ. ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ಡಾಕ್ಟರ್ ಕೇಳಿದ್ರು. ಹೊಲಿಗಿ ಒಳಗ ತಗೋತಿದ್ದೆ ಅಂತ ಹ್ಯಾಂಗ ಹೇಳ್ಲಿ?"

ಎಷ್ಟೋ ವರ್ಷಗಳಿಂದ ತಮಗೆ ತಾವೇ ಹೇಳಿಕೊಂಡ ಮಾತಿನಂತೆ ನೇರವಾಗಿ ಹೇಳಿದರು.

"ನನ್ನ ಮಾತು ಸುಳ್ಳಾಗಲಿ ಅವ್ವಾರ. ಸುಳ್ಳಾದ್ರ ನಾನೇ ಬಂದು ನಿಮ್ಮ ಕಾಲ್ ಹಿಡೀತೀನಿ. ಆದ್ರ ಒಮ್ಮೆ ನೋಡ್ರಿ. ನಾ ಮುಟ್ಟಂಗಿಲ್ಲ, ನೀವೇ ನೋಡ್ರಿ. ಹುಡುಗಿಗಿ ಮುಂದ ಬಗ್ಗಾಕ ಹೇಳಿ ಬೆನ್ನ ಮ್ಯಾಲ ಕೈ ಆಡಸ್ರಿ. ಎರಡೂ ಕಡಿ ಸಮ ಇದ್ರ ನಾ ಹೊಂಟೆ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಪಲ್ಲು, ಬಾ ಇಲ್ಲಿ," ಎಂದು ಕರೆದರು. "ಬಗ್ಗು. ಕಾಲ್ ಬೆರಳ ಮುಟ್ಟು."

ಮಗಳು ನಗುತ್ತಾ ಬಗ್ಗಿದಳು. ಅವಳಿಗೆ ಇದೆಲ್ಲ ಆಟ. ಅತ್ತೆಯ ಕೈ ಕುತ್ತಿಗೆಯಿಂದ ಕೆಳಕ್ಕೆ ಇಳಿಯುತ್ತಾ ಬಂದು ಬೆನ್ನಿನ ನಡುವೆ ನಿಂತಿತು. ಬಲಕ್ಕೆ ಸರಿಯಿತು, ಎಡಕ್ಕೆ ಸರಿಯಿತು, ಮತ್ತೆ ಬಲಕ್ಕೆ ಬಂತು. ಅತ್ತೆ ನನ್ನ ಗಂಡನ ಮುಖ ನೋಡಿದರು.

"ಹೌದಪಾ," ಎಂದರು ಮೆಲ್ಲಗೆ. "ಒಂದು ಕಡಿ ಉಬ್ಬ್ಯದ."

ಮೂರನೆಯ ದಿನ ಕಲಬುರಗಿಯ ಎಲುಬಿನ ಡಾಕ್ಟರ ಮುಂದೆ ಇದ್ದೆವು. ಎಕ್ಸ್‌ರೇ ಬೆಳಕಿನ ಪೆಟ್ಟಿಗೆಯ ಮೇಲೆ ಮಗಳ ಬೆನ್ನೆಲುಬು ಸಣ್ಣಗೆ ಬಾಗಿ ನಿಂತಿತ್ತು. ಬೆಳೆಯುವ ವಯಸ್ಸಿನ ಕೆಲವು ಹೆಣ್ಣುಮಕ್ಕಳಲ್ಲಿ ಹೀಗಾಗುತ್ತದೆ, ನೋವಿರುವುದಿಲ್ಲ, ಅದಕ್ಕೇ ತಡವಾಗಿ ಗೊತ್ತಾಗುತ್ತದೆ ಎಂದರು ಡಾಕ್ಟರು. ಈಗಿನ ಬಾಗನ್ನು ಪೂರ್ತಿ ನೆಟ್ಟಗೆ ಮಾಡುತ್ತೇನೆಂದು ಹೇಳಲಾರೆ, ಆದರೆ ಹೆಚ್ಚಾಗದಂತೆ ತಡೆಯಲು ನೋಡಬಹುದು. ಬೆಳವಣಿಗೆ ನಿಲ್ಲುವ ತನಕ ದಿನದ ಬಹುಪಾಲು ಹೊತ್ತು ಗಟ್ಟಿ ಬೆಲ್ಟು ಹಾಕಬೇಕು ಎಂದರು. ಕೊನೆಗೆ ಕೇಳಿದರು:

"ಇಷ್ಟು ಲಗೂ ಯಾರ ಕಣ್ಣಿಗಿ ಬಿತ್ತ್ರಿ ಇದು?"

"ಟೇಲರ್ ನೋಡಿದ್ರು," ಎಂದರು ನನ್ನ ಗಂಡ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಒಂದು ಕ್ಷಣ ತಲೆಯೆತ್ತಿ ನೋಡಿದರು. ನಾನು ಮಾತ್ರ ನೆಲ ನೋಡುತ್ತಿದ್ದೆ. ಬೇಗ ಎಂಬ ಅರ್ಥದಲ್ಲಿ ಲಗೂ ಎಂದರಲ್ಲ, ಆ ಬೇಗದಲ್ಲಿ ನಾನು ಕಳೆದ ಏಳು ತಿಂಗಳೂ ಇದ್ದವು.

ಬೆಲ್ಟಿನ ದಿನಗಳು ಸುಲಭವಿರಲಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ, ಕಂಕುಳಿನಿಂದ ಸೊಂಟದ ತನಕ ಗಟ್ಟಿ ಪ್ಲಾಸ್ಟಿಕ್ಕು ಬಿಗಿದುಕೊಂಡು ಶಾಲೆಗೆ ಹೋಗುವ ಹುಡುಗಿಯ ಪಾಡು ಏನೆಂದು ಬರೆಯಲಿ. ಮೊದಲ ವಾರವೇ ಚರ್ಮ ಕೆಂಪಾಗಿ, ಇನ್ನು ಹಾಕುವುದಿಲ್ಲವೆಂದು ಅತ್ತಳು. ಸುದ್ದಿ ತಿಳಿದು ಆಪಾ ಮೆತ್ತನೆಯ ಹತ್ತಿ ಬಟ್ಟೆಯ ಬನಿಯನ್ನುಗಳನ್ನು ಹೊಲಿದು ಕೊಟ್ಟರು. ಹೊಲಿಗೆಯ ಗೆರೆಗಳೆಲ್ಲ ಹೊರಮೈಗೆ, ಒಳಗೆ ಚರ್ಮಕ್ಕೆ ಏನೂ ತಾಕದಂತೆ. ಸಮವಸ್ತ್ರದ ಫ್ರಾಕಿಗೆ ಎದೆಯ ಕೆಳಗಿನಿಂದ ನೆರಿಗೆ ಹಿಡಿದು ಬೆಲ್ಟು ಇದೆಯೆಂದೇ ತಿಳಿಯದ ಹಾಗೆ ಮಾಡಿದರು. ಅದನ್ನು ನೋಡಿ ಪಲ್ಲವಿಯ ಗೆಳತಿಯರಿಬ್ಬರು ತಮಗೂ ಅಂಥದೇ ಫ್ರಾಕು ಬೇಕೆಂದು ಹಟ ಹಿಡಿದರಂತೆ. ಅಂದು ಮಗಳು ನಗುತ್ತಾ ಮನೆಗೆ ಬಂದಳು.

ಒಂದು ಮಾತು ಹೇಳಬೇಕು. ಡಾಕ್ಟರ ಬಳಿ ಹೋದ ಮೇಲೆ ಆಪಾ ಎಂದೂ ಪಲ್ಲವಿಯ ಭುಜದ ಎತ್ತರ ಅಳೆಯಲಿಲ್ಲ. ನಾನೇ ಒಮ್ಮೆ ಕಾತರ ತಡೆಯಲಾರದೆ, "ಅಳದು ನೋಡ್ರಿ ಆಪಾ," ಎಂದಾಗ ಟೇಪನ್ನು ಕೊರಳಿಂದ ತೆಗೆದು ಡ್ರಾವರಿನೊಳಗೆ ಇಟ್ಟರು. "ಈಗ ಅದು ಡಾಕ್ಟರ ಕೆಲಸ. ನಾ ಅಳದ್ರ ನಿಮಗ ದಿನಾ ಒಂದು ಫಿಕರ್ ಆಗ್ತದ. ಹುಡುಗಿಗಿ ಬಾಳಿಹಣ್ಣು ಕೊಡ್ತೀನಿ, ಅಳತಿ ಕೊಡಂಗಿಲ್ಲ." ಇಂಚಿನ ಡಾಕ್ಟರ್ ಎಂದು ನಕ್ಕವಳಿಗೆ ಅಂದು ನಾಚಿಕೆಯಾಯಿತು.

ಪಲ್ಲವಿ ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಡಾಕ್ಟರು ಕೊನೆಯ ಎಕ್ಸ್‌ರೇ ನೋಡಿ, ಬಾಗು ಅಲ್ಲಿಗೇ ನಿಂತಿದೆ, ಇನ್ನು ಬೆಲ್ಟು ಬೇಡ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಗಂಡ ಸುಮ್ಮನೆ ಕೂತುಬಿಟ್ಟರು. ನಾನು ಅಲ್ಲಿಂದಲೇ ಆಪಾಗೆ ಫೋನು ಹಚ್ಚಿದೆ. ಆ ಕಡೆಯಿಂದ ಸಣ್ಣಗೆ ಸೀಟಿ ಕೇಳಿಸಿತು. ಆ ವಾರವೇ ಅತ್ತೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಮೊದಲ ಸಲ ಕಲ್ಯಾಣದ ಆ ಓಣಿಗೆ ಬಂದರು. "ಎಪ್ಪತ್ತ ವರ್ಷದಾಕಿ ಇದ್ದೀನಿ. ನನ್ನ ಮೈಯಾಗ ಎಲ್ಲಾ ಖಟಕ್ ಅನ್ನೋದೇ ಅದ. ಅದನ್ನೆಲ್ಲ ಬಿಡು, ಬ್ಲೌಸ್ ಮಾತ್ರ ಹೊಲದು ಕೊಡವ್ವಾ," ಎಂದು ಅಳತೆಗೆ ನಿಂತರು. ಹಿಂದಿ ಟೀಚರೂ ಅಷ್ಟು ಹೊತ್ತಿಗೆ ಆ ಅಂಗಡಿಗೆ ಮರಳಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ.

ಹೋದ ವರ್ಷದ ಮಾತು. ಆ ಕೋಣೆಯ ಬಾಗಿಲು ಯಂತ್ರದ ಎಡಬದಿಗೆ ಬರುತ್ತದೆ. ಮೊದಲೆಲ್ಲ ಪರದೆಯ ಕೆಳಗೆ ಚಪ್ಪಲಿ ಕಂಡರೆ ಸಾಕು, ತಲೆ ಎತ್ತದೆಯೇ, "ಬರ್ರಿ ಮೇಡಂ," ಎನ್ನುತ್ತಿದ್ದವರು ಆಪಾ. ಒಂದು ಸಂಜೆ ನಾನು ಒಳಗೆ ಬಂದು ನಿಂತರೂ ಅವರಿಗೆ ತಿಳಿಯಲಿಲ್ಲ. ಮಾತಾಡಿಸಿದಾಗ ಬೆಚ್ಚಿದರು. ಇನ್ನೊಂದು ದಿನ ಎಡಗಡೆ ಇಟ್ಟ ಚಹಾದ ಕಪ್ಪು ಮೊಣಕೈ ತಾಗಿ ಉರುಳಿತು. ಕತ್ತರಿಯನ್ನು ಕಣ್ಣಿನಿಂದ ಹುಡುಕದೆ ಕೈಯಿಂದ ತಡವುತ್ತಿದ್ದರು. ನನಗೆ ಖಟಕ್ ಎಂದಿತು. ವಯಸ್ಸಾಯಿತು, ಕೆಲಸ ಹೆಚ್ಚು ಎಂದುಕೊಂಡೆ. ಮತ್ತೆ ಅದೇ ನಾನು! ಎರಡು ತಿಂಗಳು ಹೀಗೇ ಕಳೆದವು.

ಒಂದು ದಿನ ಒಂಬತ್ತನೆಯ ಕ್ಲಾಸಿನಲ್ಲಿ ಲೆಕ್ಕ ತಿದ್ದುತ್ತಾ ಕೂತಿದ್ದೆ. ಎಡಗಡೆ ನಿಂತ ಹುಡುಗಿಯೊಬ್ಬಳು ನೋಟ್‌ಬುಕ್ಕು ಚಾಚಿದಳು. ನಾನು ತಲೆ ತಿರುಗಿಸದೆ, ಕಡೆಗಣ್ಣಿನಲ್ಲೇ ನೋಡಿ ಕೈ ನೀಡಿ ತೆಗೆದುಕೊಂಡೆ. ತೆಗೆದುಕೊಂಡ ಕೈ ಅಲ್ಲೇ ನಿಂತಿತು. ಆಪಾಗೆ ಈಗ ಇದು ಆಗುವುದಿಲ್ಲ ಎಂದು ಹೊಳೆಯಿತು. ಅಂದು ಶಾಲೆ ಬಿಟ್ಟ ಮೇಲೆ ನೇರ ಅವರ ಮನೆಗೆ ಹೋಗಿ, ಕಣ್ಣು ತೋರಿಸಿ ಬರೋಣ ಎಂದೆ.

"ಚಷ್ಮಾದ ನಂಬರ್ ಬದಲಾಗ್ಯದ, ಅಷ್ಟೇ," ಎಂದರು ಆಪಾ. "ಈ ಮದುವಿ ಸೀಜನ್ ಮುಗೀಲಿ."

"ರವಿವಾರ ಎಂಟಕ್ಕ ಬರ್ತೀನಿ. ತಯಾರಾಗಿರ್ರಿ."

"ಮೇಡಂ, ಸುಮ್ನ ನೀವು..."

"ನನ್ನ ಮಾತು ಸುಳ್ಳಾಗ್ಲಿ ಆಪಾ. ಸುಳ್ಳಾದ್ರ ಖೀರು ಮಾಡ್ಕೊಂಡು ಬರ್ತೀನಿ."

ಅವರು ನನ್ನನ್ನೇ ನೋಡಿದರು. ಆಮೇಲೆ ನಗು ತಡೆಯಲಾಗದೆ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡರು.

ಕಲಬುರಗಿಯ ಕಣ್ಣಿನ ಆಸ್ಪತ್ರೆಯಲ್ಲಿ ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಅಲ್ಲಲ್ಲಿ ಸಣ್ಣ ಬೆಳಕು ಮೂಡುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಗುಂಡಿ ಒತ್ತುವ ಸದ್ದನ್ನು ನಾನು ಹೊರಗಿನಿಂದ ಕೇಳುತ್ತಿದ್ದೆ. ನಡುನಡುವೆ ಸದ್ದೇ ಇಲ್ಲದ ದೀರ್ಘ ಮೌನಗಳಿದ್ದವು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ಎಡಗಣ್ಣಿನ ಅಂಚಿನ ನೋಟ ಸ್ವಲ್ಪ ಹೋಗಿದೆ, ಅದು ಮರಳಿ ಬರುವುದಿಲ್ಲ. ಬಲಗಣ್ಣು ಚೆನ್ನಾಗಿದೆ. ದಿನಾ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಆಪಾ ತುಸು ಹೊತ್ತು ಹನಿಯ ಶೀಶೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಕೇಳಿದರು:

"ನಿಮಗ ಯಾವಾಗ ಖಟಕ್ ಅಂತು?"

"ಎರಡು ತಿಂಗಳಾಯ್ತು."

"ಎರಡು ತಿಂಗಳ!" ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ ಬೈದರು. "ಎರಡು ತಿಂಗಳ ಬಾಯಿ ಮುಚಕೊಂಡು ಕೂತ್ರೇನು? ಇಷ್ಟೆಲ್ಲ ನೋಡಿದವರು ನೀವು! ಮನಸಿಗಿ ಹೊಳದದ್ದು ಬಾಯಿಗಿ ಯಾಕ ಬರಲಿಲ್ರಿ?"

ನನಗೂ ಸಿಟ್ಟು ಬಂತು. "ಮತ್ತ ನಿಮಗ? ನಿಮಗ ಯಾವಾಗ ಗೊತ್ತಾಯ್ತು?"

ಆಪಾ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

"ರಂಜಾನದಾಗ," ಎಂದರು ಕೊನೆಗೆ. ರಂಜಾನ್ ಕಳೆದು ಆಗಲೇ ಎಂಟು ತಿಂಗಳಾಗಿತ್ತು. "ಅಂಜಿಕಿ ಬಂತ್ರಿ ಮೇಡಂ. ಕಣ್ಣು ಹೋದ್ರ ನಾ ಯಾರು? ಮಂದಿ ಮೈಯಾಗಿಂದು ಹೇಳೋದು ಸುಲಭ."

ಊರಿನವರ ಮೈಮೇಲಿನ ಕಾಲು ಇಂಚನ್ನೂ ಬಿಡದೆ ಬೆನ್ನು ಹತ್ತಿದ ಹೆಂಗಸು ಸೆರಗಿನಲ್ಲಿ ತನ್ನ ಕಣ್ಣನ್ನು ಬಚ್ಚಿಟ್ಟುಕೊಂಡಿದ್ದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಏಳು ತಿಂಗಳ ನೆಗಡಿಯ ಸುಳ್ಳನ್ನು ಅಂದು ಅವರಿಗೆ ಹೇಳಿದೆ. "ಗೊತ್ತಿತ್ರಿ," ಎಂದರು. "ನೆಗಡಿ ಬಂದ ಹುಡುಗಿ ತಾಯಿ ಹಂಗ ನಿಂದ್ರಂಗಿಲ್ಲ." ಅಲ್ಲಿಗೆ ಇಬ್ಬರಿಗೂ ನಗು ಬಂತು. ಕಣ್ಣಿಗೆ ಹಾಕಿದ್ದ ಹನಿ ಕೆನ್ನೆಯ ಮೇಲೆ ಇಳಿಯುತ್ತಿದ್ದರೂ ಆಪಾ ನಗುತ್ತಲೇ ಇದ್ದರು.

ಆಮೇಲೂ ಕೆಲವು ತಿಂಗಳು ಹೊಲಿದರು. ಹೊಲಿಯಬಾರದೆಂದು ಡಾಕ್ಟರು ಹೇಳಿರಲಿಲ್ಲ. ಯಾರ ಬಟ್ಟೆಯೂ ಕೆಟ್ಟಿರಲಿಲ್ಲ, ಯಾರೂ ದೂರಿರಲಿಲ್ಲ. ಹಾಗಿದ್ದೂ ಹೋದ ತಿಂಗಳು ಯಂತ್ರ ಕೊಟ್ಟುಬಿಟ್ಟರು. ಯಾಕೆಂದು ಕೇಳಿದರೆ, "ಒಂದು ಕುರ್ತಾ ಕತ್ತರಸೋವಾಗ ಖಟಕ್ ಅಂತ್ರಿ. ಕೆಡಲಿಲ್ಲ, ಕೆಡತಿತ್ತು. ಈ ಸಲ ಎಂಟು ತಿಂಗಳ ಕಾಯಲಿಲ್ಲ ನೋಡ್ರಿ," ಎಂದರು. ಈಗ ಅದೇ ಕೋಣೆಯಲ್ಲಿ ಹುಡುಗಿಯರಿಗೆ ಕತ್ತರಿಸುವ ಲೆಕ್ಕ ಬಾಯಲ್ಲೇ ಹೇಳಿಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ನನ್ನ ಮನಸ್ಸು ಹಗುರಾಗಿದ್ದಕ್ಕೆ ಇದೇ ಕಾರಣ. ತಮ್ಮ ಮನಸ್ಸಿನ ಮಾತನ್ನು ಅವರು ತಮಗಾಗಿಯೂ ಕೇಳಿಸಿಕೊಂಡಿದ್ದರು.

ಹೋದ ರವಿವಾರ ಮತ್ತೆ ಕಣ್ಣಿನ ತಪಾಸಣೆಗೆ ಕಲಬುರಗಿಗೆ ಹೋಗಿದ್ದೆವು. ಡಾಕ್ಟರು ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಪಾ ನನ್ನ ಕೈ ಹಿಡಿದಿದ್ದರು. ಬಳೆ ಒತ್ತಿ ನೋಯುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ.

"ಹೋದ ಸಲ ಹ್ಯಾಂಗಿತ್ತೋ ಹಂಗೇ ಅದ್ರಿ," ಎಂದರು ಡಾಕ್ಟರು. "ಒಂದಿಷ್ಟೂ ಕಡಿಮಿ ಆಗಿಲ್ಲ. ಹನಿ ಬಿಡಬ್ಯಾಡ್ರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಆಪಾ ಊರು ದಾಟಿ ಎಷ್ಟೋ ದೂರದ ತನಕ ಒಂದೇ ಸಮನೆ ಮಾತಾಡಿದರು. ತೊಗರಿ ಹೊಲಗಳನ್ನು ತೋರಿಸಿದರು, ಮುಂದಿನ ಸೀಟಿನ ಹೆಂಗಸಿನ ಬ್ಲೌಸು ಯಾರೋ ಕೆಟ್ಟದಾಗಿ ಹೊಲಿದಿದ್ದಾರೆಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಮಾತು ನಿಂತಿತು. ನೋಡಿದರೆ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ತಲೆ ಮೆಲ್ಲಗೆ ಜಾರಿ ನನ್ನ ಭುಜಕ್ಕೆ ಬಂತು. ಇಷ್ಟು ವರ್ಷಗಳಲ್ಲಿ ಅವರು ಏನನ್ನೂ ಗಮನಿಸದೆ ಇದ್ದದ್ದನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಕಲ್ಯಾಣಕ್ಕಿಂತ ಮೊದಲು, ನಾನು ಇಳಿಯಬೇಕಾದ ಹುಮನಾಬಾದ್ ಬಂತು. ದಿನಾ ನೋಡುವ ಕಂಡಕ್ಟರು, "ಮೇಡಂ, ನಿಮ್ಮ ಊರು ಬಂತ್ರಿ," ಎಂದ. ಭುಜ ಅಲುಗಿಸದೆ ಮೆಲ್ಲಗೆ ಹೇಳಿದೆ:

"ನನಗೂ ಕಲ್ಯಾಣದ ತನಕ ಟಿಕೆಟ್ ಕೊಡಪಾ."